ಇಳಿಜಾರು ನೋಡಿ, ಆಮೇಲೆ ಮನೆ ನೋಡಿ

ಬೆಂಗಳೂರಿನಲ್ಲಿ ಬಿದ್ದ ಮಳೆನೀರಿಗೆ ಇರುವುದು ಎರಡೇ ದಾರಿ. ಒಂದೋ ಪಶ್ಚಿಮಕ್ಕೆ ಇಳಿದು ವೃಷಭಾವತಿಯಂಥ ಹೊಳೆಗಳ ಮೂಲಕ ಅರ್ಕಾವತಿ ಸೇರಬೇಕು, ಇಲ್ಲವೇ ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯ ಪಾಲಾಗಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರು ಕೂತಿರುವುದು ದಿಣ್ಣೆಯ ನೆತ್ತಿಯ ಮೇಲೆ. ಅಲ್ಲಿಂದ ಇಳಿಯುವ ನೀರನ್ನು ಹಿಂದಿನವರು ಒಂದರ ಕೆಳಗೊಂದು ಕೆರೆ ಕಟ್ಟಿ ಹಿಡಿದಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಏರಿಯ ಕೆಳಗೆ ಗದ್ದೆ, ಎತ್ತರದಲ್ಲಿ ಊರು, ಗುಡಿ, ರಾಗಿ ಹೊಲ. ತಿಳಿದವರು ಯಾರೂ ಗದ್ದೆಯಲ್ಲಿ ಮನೆ ಕಟ್ಟುತ್ತಿರಲಿಲ್ಲ.

ಮನೆ ಮಾರುವವರ ಬಣ್ಣದ ಪುಸ್ತಿಕೆಯಲ್ಲಿ ಈಜುಕೊಳ ಇರುತ್ತದೆ, ಜಿಮ್ ಇರುತ್ತದೆ, ‘ಏರ್‌ಪೋರ್ಟಿನಿಂದ 25 ನಿಮಿಷ’ ಎಂಬ ಸಾಲು ಇದ್ದೇ ಇರುತ್ತದೆ. ಯಾವ ಹೊತ್ತಿನ 25 ನಿಮಿಷ ಎಂದು ಬರೆದಿರುವುದಿಲ್ಲ, ಇರಲಿ. ಆ ಜಾಗ ಮೊದಲು ಏರಿಯ ಮೇಲಿತ್ತೋ ಕೆಳಗಿತ್ತೋ ಎಂಬುದಂತೂ ಎಲ್ಲೂ ಇರುವುದಿಲ್ಲ. 20 ವರ್ಷ ಕಂತು ಕಟ್ಟುವವರಿಗೆ ಮೊದಲು ಬೇಕಾದ ಮಾಹಿತಿ ಅದೇ ಎಂಬುದು ನನ್ನ ವಾದ. ಅಡುಗೆಮನೆ ಹಿಡಿಸದಿದ್ದರೆ ಒಡೆದು ಕಟ್ಟಿಸಬಹುದು, ಟೈಲ್ಸ್ ಬದಲಿಸಬಹುದು, ದುಡ್ಡಿದ್ದರೆ ಮೇಲೊಂದು ಮಹಡಿ ಏರಿಸಬಹುದು. ಬೀದಿಯ ಇಳಿಜಾರನ್ನು ಬದಲಿಸಲು ಯಾವ ಕಂಟ್ರಾಕ್ಟರನೂ ಸಿಗುವುದಿಲ್ಲ.

2022ರ ಸೆಪ್ಟೆಂಬರ್ ಮೊದಲ ವಾರ ಇದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರಿನ ಆಸುಪಾಸಿನಲ್ಲಿ ಕೋಟಿ ಕೋಟಿ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಏರಿ ಹೊರಬಂದರು. ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳು ನೀರಲ್ಲಿ ಮುಳುಗಿದವು. ಅದು ಒಂದು ವರ್ಷದ ಅಪವಾದ ಎನ್ನುವವರಿಗೆ ಇನ್ನೂ ಎರಡು ನೆನಪು: 2024ರ ಅಕ್ಟೋಬರಿನಲ್ಲಿ ಯಲಹಂಕ ಕೆರೆ ತುಂಬಿ ಕೇಂದ್ರೀಯ ವಿಹಾರದ ಅಪಾರ್ಟ್‌ಮೆಂಟಿಗೆ ದೋಣಿ ಬಂತು, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮತ್ತೆ ಜಲಾವೃತವಾಯಿತು. ಕಾರಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನೀರು ಹಳೆಯ ದಾರಿಯಲ್ಲೇ ಬಂದಿತ್ತು. ದಾರಿ ಕಿರಿದಾಗಿತ್ತು, ಕೆಲವೆಡೆ ದಾರಿಯೇ ಇರಲಿಲ್ಲ.

ನಗರದ ಹೃದಯಭಾಗವೂ ಇದಕ್ಕೆ ಹೊರತಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಬಸ್ಸು ನಿಲ್ಲಲು, ಓಡಿ ಗೆಲ್ಲಲು ಕೆರೆ ಅಂಗಳ ನಡೆದೀತು. ಮಲಗುವ ಕೋಣೆಗೆ ಅದು ಆಗಿಬರುವುದಿಲ್ಲ.

ಒಂದು ಜಾಗ ಮೊದಲು ಏನಾಗಿತ್ತು ಎಂದು ತಿಳಿಯುವುದು ಈಗ ಕಷ್ಟವೇನಲ್ಲ. ಹಳೆಯ ಗ್ರಾಮ ನಕಾಶೆಗಳಲ್ಲಿ ಕೆರೆ, ಹಳ್ಳ, ಕಾಲುವೆ, ಖರಾಬು ಎಲ್ಲವೂ ಸರ್ವೆ ನಂಬರಿನ ಜೊತೆ ಗುರುತಾಗಿವೆ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು ಸೈಟಿನ ಮೇಲೆ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ಅದೇ ಹೇಳುತ್ತದೆ. ಗೂಗಲ್ ಅರ್ಥ್‌ನಲ್ಲಿ 20 ವರ್ಷ ಹಿಂದಿನ ಚಿತ್ರ ತೆಗೆದರೆ ಈಗಿನ ಕ್ಲಬ್‌ಹೌಸ್ ಇರುವಲ್ಲಿ ಹಸಿರು ಪಟ್ಟಿಯೊಂದು ಕೆರೆಯಿಂದ ಕೆರೆಗೆ ಹರಿದಿರುವುದು ಕಾಣಬಹುದು. ಗೂಗಲ್ ಅರ್ಥ್‌ನಲ್ಲೇ ಬೀದಿಯ ಎರಡು ತುದಿಯ ಎತ್ತರವೂ ಸಿಗುತ್ತದೆ. ನಗರದ 2015ರ ಮಹಾಯೋಜನೆಯ ಪ್ರಕಾರ ಕೆರೆಯಿಂದ 30 ಮೀಟರ್, ರಾಜಕಾಲುವೆಯ ದರ್ಜೆ ನೋಡಿ 50, 25, 15 ಮೀಟರ್ ಬಿಡಬೇಕಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಅಂಚನ್ನು 75 ಮೀಟರಿಗೆ ಏರಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಾನೂನಿನ ಅಂಚು ಹೀಗೆ ಹಿಂದೆ ಮುಂದೆ ಸರಿಯುತ್ತಿರುತ್ತದೆ. ನೀರಿನ ಅಂಚು ಕೋರ್ಟಿನ ಮಾತು ಕೇಳುವುದಿಲ್ಲವಾದ್ದರಿಂದ ಕಾನೂನು ಕೇಳಿದ್ದಕ್ಕಿಂತ ಹೆಚ್ಚೇ ದೂರ ಇರುವುದು ಕ್ಷೇಮ. 2016ರ ಆಗಸ್ಟಿನಲ್ಲಿ ಅರಕೆರೆ, ಕಸವನಹಳ್ಳಿಗಳ ಕಡೆ ರಾಜಕಾಲುವೆ ಒತ್ತುವರಿ ಎಂದು ಜೆಸಿಬಿ ಬಂದಾಗ, ನಕ್ಷೆಗೆ ಅನುಮೋದನೆ ಇದೆ, ಬ್ಯಾಂಕು ಸಾಲ ಕೊಟ್ಟಿದೆ ಎಂದು ಕಾಗದ ಹಿಡಿದು ನಿಂತವರೂ ಇದ್ದರು. ಸಾಲ ಸಿಕ್ಕಿತೆಂದರೆ ಜಾಗ ಸರಿಯಿದೆ ಎಂದು ನಂಬುವವರು ಆ ದೃಶ್ಯವನ್ನು ನೆನೆಯಬೇಕು.

ನಕಾಶೆ ನೋಡಲು ಬೇಸರವಾದರೆ ಕಣ್ಣಿದ್ದರೂ ಸಾಕು. ಬೀದಿಯಲ್ಲಿ ಹೊಸ ಮನೆಗಳ ಅಡಿಪಾಯ ಹಳೆಯವಕ್ಕಿಂತ ಮೂರಡಿ ಎತ್ತರವಿದೆಯೇ? ಗೇಟಿನ ಬಾಯಿಗೆ ಅಡ್ಡಲಾಗಿ ಮೊಣಕಾಲುದ್ದದ ಸಿಮೆಂಟು ಕಟ್ಟೆ ಇದೆಯೇ? ಕರೆಂಟ್ ಮೀಟರನ್ನು ತಲೆಯ ಮಟ್ಟಕ್ಕೆ ಏರಿಸಿದ್ದಾರೆಯೇ? ಕಾಂಪೌಂಡ್ ಗೋಡೆಯ ಬಣ್ಣ ಒಂದೇ ಮಟ್ಟದಲ್ಲಿ ಮಾಸಿದೆಯೇ? ಇವು ಆ ಬೀದಿಯವರು ಬಾಯಿಬಿಟ್ಟು ಹೇಳದ ಸಂಗತಿಗಳು. ಹೇಳುವುದೂ ಕಷ್ಟ ಅನ್ನಿ, ಅವರೂ ಒಂದು ದಿನ ಮಾರಬೇಕಲ್ಲ. ಇಸ್ತ್ರಿ ಗಾಡಿಯವರಿಗೆ, ಬೀದಿ ಕೊನೆಯ ಚಹಾದಂಗಡಿಯವರಿಗೆ, ರಾತ್ರಿ ಪಾಳಿಯ ಸೆಕ್ಯುರಿಟಿಯವರಿಗೆ ಅಂಥ ಮುಲಾಜಿಲ್ಲ. ಬಾಗಿಲು ಯಾವ ದಿಕ್ಕಿಗಿದೆ ಎಂದು ಹತ್ತು ಸಲ ಕೇಳುವ ನಾವು ಮೋರಿ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಒಂದು ಸಲವೂ ಕೇಳುವುದಿಲ್ಲ.

ಇನ್ನೊಂದು ಅಭ್ಯಾಸವಿದೆ, ಮನೆ ನೋಡಲು ಭಾನುವಾರ ಬೆಳಿಗ್ಗೆ ಹೋಗುವುದು. ರಸ್ತೆ ಖಾಲಿ, ಬಿಸಿಲು ಹಿತ, ಬ್ರೋಕರ್ ಕಾಫಿ ಕೊಡಿಸುತ್ತಾರೆ. ಊರು ಅತ್ಯಂತ ಸುಳ್ಳು ಹೇಳುವ ಹೊತ್ತು ಅದು. ಅದೇ ಜಾಗಕ್ಕೆ ಮಂಗಳವಾರ ಸಂಜೆ ಆರೂವರೆಗೆ ನಿಮ್ಮ ಆಫೀಸಿನಿಂದ ನೇರ ಹೋಗಿ ನೋಡಿ. ಮಳೆ ನಿಂತ ಅರ್ಧ ಗಂಟೆಗೆ ಹೋಗಿ. ರಾತ್ರಿ ಒಂಬತ್ತೂವರೆಗೆ ಬಸ್ ಸ್ಟಾಪಿನಿಂದ ಮನೆಯವರೆಗೆ ನಡೆಯಿರಿ. ಮಗಳು ಕೆಲಸ ಮುಗಿಸಿ ಒಬ್ಬಳೇ ಈ ದಾರಿಯಲ್ಲಿ ಬರುವುದನ್ನು ಒಪ್ಪುತ್ತೀರಾ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.

ಹರಿದು ಬರುವ ನೀರಿನ ಕಥೆ ಇದಾದರೆ, ಕೊಳಾಯಿಯ ನೀರಿನದು ಬೇರೆಯೇ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ನೂರಾರು ಮೀಟರ್ ಮೇಲಕ್ಕೆ ಪಂಪಾಗಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಯಿತು. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ. ನಡುವಿನ 17 ವರ್ಷ ಅಲ್ಲಿನ ಬಹುಪಾಲು ಜನ ಕೊಳವೆಬಾವಿ ಮತ್ತು ಟ್ಯಾಂಕರ್ ನಂಬಿಕೊಂಡು ಬದುಕಿದರು. 2024ರ ಬೇಸಿಗೆಯಲ್ಲಿ ಬಾವಿಗಳು ಬತ್ತಿದಾಗ ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ಕಟ್ಟಬೇಕಾಯಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. 200 ಮನೆಗಳ ಸಮುಚ್ಚಯಕ್ಕೆ ದಿನಕ್ಕೆಷ್ಟು ಟ್ಯಾಂಕರ್ ಬೇಕೆಂದು ಲೆಕ್ಕ ಹಾಕಿ, ಅದನ್ನು ತಿಂಗಳ ನಿರ್ವಹಣಾ ಶುಲ್ಕಕ್ಕೆ ಸೇರಿಸಿ. ಬ್ಯಾಂಕಿನ ಬಡ್ಡಿಯ ಕಾಲು ಪರ್ಸೆಂಟಿಗೆ ಚೌಕಾಸಿ ಮಾಡುವವರು ಈ ಲೆಕ್ಕ ಹಾಕುವುದೇ ಇಲ್ಲ.

‘ಕಾವೇರಿ ಕನೆಕ್ಷನ್ ಇದೆ ಸಾರ್’ ಎಂದರೆ ಬೀದಿಯಲ್ಲಿ ಪೈಪು ಹೂತಿದ್ದಾರೆ ಎಂದೂ ಅರ್ಥವಾಗಬಹುದು. ಪಕ್ಕದ ಮನೆಯವರ ಜಲಮಂಡಳಿ ಬಿಲ್ ತೋರಿಸಿ ಎನ್ನಿ. ಬಿಲ್ಲಿನಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಬಳಕೆ ಎಷ್ಟಿದೆ ನೋಡಿ. ಒಳಚರಂಡಿಯ ಪ್ರಶ್ನೆಯನ್ನೂ ಅದೇ ಉಸಿರಿನಲ್ಲಿ ಕೇಳಬೇಕು. ಹಣ ಹಾಕಿ ಕಟ್ಟಿದ ಎಷ್ಟೋ ಲೇಔಟುಗಳ ಕೊಳಚೆ ಇವತ್ತಿಗೂ ಕೊನೆಗೆ ಸೇರುವುದು ಹತ್ತಿರದ ರಾಜಕಾಲುವೆಗೇ.

ಅಲ್ಲಿಗೆ ‘ಲೇಕ್ ವ್ಯೂ’ ಮನೆಗಳ ಪ್ರಸಂಗಕ್ಕೆ ಬರಬೇಕಾಗುತ್ತದೆ. ಬೆಳ್ಳಂದೂರು ಕೆರೆ ನೊರೆಯುಕ್ಕಿ ರಸ್ತೆಗೆ ಹಾರಿದ್ದು, 2018ರ ಜನವರಿಯಲ್ಲಿ ಹೊತ್ತಿ ಉರಿದದ್ದು, ಆರಿಸಲು ಸೇನೆಯವರು ಬಂದದ್ದು ಎಲ್ಲರಿಗೂ ಗೊತ್ತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು ಪಾಲಿಕೆಯ ಜೊತೆ ಕೂತು ಉಳಿಸಿಕೊಂಡರು. ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ 2010ರಲ್ಲಿ ನೆರೆಹೊರೆಯವರೇ ಟ್ರಸ್ಟ್ ಮಾಡಿಕೊಂಡು ಕೆರೆಯ ಉಸ್ತುವಾರಿ ಹೊತ್ತರು. ಬೆಳ್ಳಂದೂರಿನಲ್ಲೂ ಇಲ್ಲೂ ಕಿಟಕಿಯಿಂದ ಕಾಣುವುದು ಕೆರೆಯೇ. ಇಲ್ಲಿ ಮಾತ್ರ ಕಿಟಕಿ ತೆರೆಯಬಹುದು. ಈ ವ್ಯತ್ಯಾಸ ತಂದದ್ದು ಕೆರೆಯ ಸುತ್ತಲಿನ ಜನ. ಆದ್ದರಿಂದ ಒಂದು ಬಡಾವಣೆಯ ಬೆಲೆ ಅಳೆಯುವಾಗ ಅಲ್ಲಿನ ನಿವಾಸಿಗಳ ಸಂಘ ಜೀವಂತವಾಗಿದೆಯೇ, ಗಣೇಶೋತ್ಸವಕ್ಕಷ್ಟೇ ಎದ್ದು ಕೂರುತ್ತದೆಯೇ ಎಂದು ವಿಚಾರಿಸುವುದು ಹುಚ್ಚಲ್ಲ. ಕಸದ ಲಾರಿ ಬಾರದಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ ಎಂದು ನಾಲ್ಕು ಮನೆಗಳಲ್ಲಿ ಕೇಳಿ. ನಾಲ್ಕೂ ಮನೆಯವರು ಒಂದೇ ಹೆಸರು ಹೇಳಿದರೆ ಆ ಬೀದಿ ಚೆನ್ನಾಗಿದೆ. ಇನ್ನೊಂದು ಮಾತು: ಊರ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತಿಳಿದಿರಿ. ಮಂಡೂರು, ಮಾವಳ್ಳಿಪುರದ ಜನ ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದ್ದು ಮೂಗಿನ ವಿಷಯಕ್ಕೂ ಹೌದು, ಕುಡಿಯುವ ನೀರಿನ ವಿಷಯಕ್ಕೂ ಹೌದು.

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಮೆಟ್ರೊ. ಮೆಟ್ರೊ ಬಂದರೆ ಬೆಲೆ ಏರುತ್ತದೆ, ಸರಿ. ಆದರೆ ಬೆಲೆ ಏರುವುದು ಮೆಟ್ರೊ ಬಂದಾಗಲ್ಲ, ಬರುತ್ತದೆಂದು ಸುದ್ದಿಯಾದಾಗ. ರೈಲು ಓಡುವ ಹೊತ್ತಿಗೆ ಆ ಲಾಭವನ್ನು ನಿಮಗಿಂತ ಮೊದಲು ಕೊಂಡವರು ಜೇಬಿಗೆ ಹಾಕಿಕೊಂಡಿರುತ್ತಾರೆ. ನಮ್ಮ ಮೆಟ್ರೊದ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟಿನಲ್ಲಿ. ಆ ಸುದ್ದಿ ನಂಬಿ 2014ರಲ್ಲಿ 20 ವರ್ಷದ ಸಾಲ ಮಾಡಿದವರು ಅರ್ಧಕ್ಕಿಂತ ಹೆಚ್ಚು ಕಂತುಗಳನ್ನು ಸಿಲ್ಕ್‌ಬೋರ್ಡ್ ಜಂಕ್ಷನ್ನಿನಲ್ಲಿ ನಿಂತೇ ಕಟ್ಟಿದರು. ಅವರಾದರೂ ಅದೃಷ್ಟವಂತರು, ರೈಲು ಬಂತು. ಎರಡು ದಶಕದ ಹಿಂದೆ ಅಧಿಸೂಚನೆಯಾದ ಪೆರಿಫೆರಲ್ ರಿಂಗ್ ರಸ್ತೆ ಹೆಸರು ಬದಲಿಸಿಕೊಂಡು ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಗಿದೆ. ಅರ್ಕಾವತಿ ಬಡಾವಣೆಯಲ್ಲಿ ಸೈಟು ಸಿಕ್ಕಿತೆಂದು ಸಿಹಿ ಹಂಚಿದವರ ಮಕ್ಕಳು ಕಾಲೇಜು ಮುಗಿಸಿದ್ದಾರೆ.

ಹಾಗಾಗಿ ಬರಲಿರುವುದಕ್ಕೆ ಸೊನ್ನೆ ಬೆಲೆ ಕಟ್ಟಿ ನೋಡಿ ಎನ್ನುತ್ತೇನೆ. ಇವತ್ತು ಓಡುತ್ತಿರುವ ಬಸ್ಸು, ಇವತ್ತು ತೆರೆದಿರುವ ಆಸ್ಪತ್ರೆ, ಇವತ್ತು ಪಾಠ ನಡೆಯುತ್ತಿರುವ ಶಾಲೆ ಇಷ್ಟರ ಮೇಲೆ ಆ ಜಾಗ ನಿಲ್ಲುತ್ತದೆಯೇ? ನಿಂತರೆ, ಮೇಲೆ ಬಂದದ್ದೆಲ್ಲ ಲಾಭ.

ಭರವಸೆಗೆ ಎಷ್ಟು ದುಡ್ಡು ಕೊಡುತ್ತಿದ್ದೀರಿ ಎಂದು ಅಳೆಯಲು ಸುಲಭದ ಉಪಾಯವೂ ಇದೆ: ಬಾಡಿಗೆ ಕೇಳುವುದು. ಬಾಡಿಗೆದಾರರು ಮುಂದಿನ ಮೆಟ್ರೊಗೆ ದುಡ್ಡು ಕೊಡುವುದಿಲ್ಲ, ಈ ತಿಂಗಳ ನೀರು, ಈ ತಿಂಗಳ ರಸ್ತೆಗೆ ಕೊಡುತ್ತಾರೆ. ಉದಾಹರಣೆಗೆ, ಎರಡು ಬಡಾವಣೆಗಳಲ್ಲಿ ಎರಡು ಮನೆ, ಎರಡಕ್ಕೂ ಒಂದು ಕೋಟಿ ಹೇಳುತ್ತಿದ್ದಾರೆ ಎನ್ನಿ. ಒಂದಕ್ಕೆ ತಿಂಗಳಿಗೆ 30,000 ಬಾಡಿಗೆ ಬರುತ್ತದೆ, ಇನ್ನೊಂದಕ್ಕೆ 18,000. ಎರಡನೆಯದರಲ್ಲಿ ನೀವು ಕೊಡುವ ಕೋಟಿಯ ದೊಡ್ಡ ಪಾಲು ಇನ್ನೂ ಹುಟ್ಟದ ಸೌಕರ್ಯಕ್ಕೆ ಹೋಗುತ್ತಿದೆ. ಗೊತ್ತಿದ್ದೇ ಕೊಡುವುದಾದರೆ ತಕರಾರಿಲ್ಲ.

ಹಳೆಯ ಬಡಾವಣೆಗಳು ಯಾಕೆ ಬೆಲೆ ಕಳೆದುಕೊಳ್ಳುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. 1898ರ ಪ್ಲೇಗಿನ ಬೆನ್ನಲ್ಲೇ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಗಾಳಿ ಬೆಳಕು ಆಡುವ ಅಗಲ ಬೀದಿಗಳು, ಮನೆಗಳ ಹಿಂದೆ ಜಾಡಮಾಲಿ ಓಣಿಗಳು, ನಡೆದು ಹೋಗುವಷ್ಟು ಹತ್ತಿರ ಮಾರುಕಟ್ಟೆ. ರೋಗದ ಭಯ ಬೆಳೆಸಿದ ಬಡಾವಣೆಗಳು ಅವು. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲಿಟ್ಟಾಗ ಅದು ಊರಾಚೆ. ‘ಅಷ್ಟು ದೂರ ಯಾರಪ್ಪ ಹೋಗ್ತಾರೆ’ ಎಂದು ಸೈಟು ಬೇಡವೆಂದವರ ಕಥೆ ದಕ್ಷಿಣ ಬೆಂಗಳೂರಿನ ಪ್ರತಿ ಮನೆತನದಲ್ಲೂ ಒಂದಾದರೂ ಇದೆ. ಅಲ್ಲಿ ಬ್ಲಾಕಿಗೊಂದು ಪಾರ್ಕು, ಕೈಗೆಟಕುವಲ್ಲಿ ಅಂಗಡಿ, ಶಾಲೆಗೆ ಜಾಗ, ನಾಲ್ಕನೇ ಬ್ಲಾಕಿಗೆ ಬಸ್ಸು ಎಲ್ಲವೂ ಮೊದಲೇ ಗೆರೆ ಎಳೆದಾಗಿತ್ತು. ಸೊಪ್ಪು ತರಲು ಕಾರು ತೆಗೆಯಬೇಕಾದ ಬಡಾವಣೆ, ಕೊಂಡವರಿಗೆ ಅರವತ್ತಾದ ದಿನ ಅರ್ಧ ಬೆಲೆ ಕಳೆದುಕೊಂಡಿರುತ್ತದೆ. ರೇಟು ಏನೇ ಹೇಳಲಿ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಇಂದಿರಾನಗರವನ್ನೇ ನೋಡಿ. ನೂರಡಿ ರಸ್ತೆ, 12ನೇ ಮೇನ್ ಸುತ್ತಮುತ್ತ ಪಬ್ಬು, ರೆಸ್ಟೊರೆಂಟುಗಳು ಬಂದ ಮೇಲೆ ನಿವಾಸಿಗಳು ಶಬ್ದ, ಪಾರ್ಕಿಂಗ್ ವಿರುದ್ಧ ಪೊಲೀಸ್ ಠಾಣೆ, ಕೋರ್ಟು ಅಲೆದರು. ಅದೇ ಹೊತ್ತಿಗೆ ಅವರ ಸೈಟಿನ ಬೆಲೆ ಆಕಾಶಕ್ಕೇರಿತು. ಮಾರಿ ಹೋಗುವವರಿಗೆ ಹಬ್ಬ, ಇರುವವರಿಗೆ ನಿದ್ದೆಯಿಲ್ಲ. ದೀರ್ಘಕಾಲದ ಬೆಲೆ ಎನ್ನುವಾಗ ಯಾವ ಬೆಲೆ ಎಂಬುದನ್ನು ಗಂಡ ಹೆಂಡತಿ ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಸಾಯುವವರೆಗೂ ಇಲ್ಲೇ ಇರುತ್ತೇವೆ ಎನ್ನುವವರು ಮುಖ್ಯರಸ್ತೆಯ ಕಾರ್ನರ್ ಸೈಟಿಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಒಳಗಿನ ಅಡ್ಡರಸ್ತೆ, ಎರಡು ಬೀದಿ ಆಚೆ ಗಲಾಟೆ, ಇದು ಅವರಿಗೆ ಸರಿ.

ಕಾಗದಪತ್ರದ ವಿಷಯ ವಕೀಲರಿಗೆ ಬಿಡುತ್ತೇನೆ, ಬಡಾವಣೆಗೆ ಸಂಬಂಧಿಸಿದ ಒಂದೆರಡು ಮಾತು ಮಾತ್ರ. ನಿಮ್ಮ ಮನೆಯ ಖಾತೆ ಸರಿಯಿದ್ದರೆ ಸಾಲದು, ಬೀದಿಯದೂ ಸರಿಯಿರಬೇಕು. ಸುತ್ತೆಲ್ಲ ಬಿ ಖಾತೆಯ ರೆವಿನ್ಯೂ ಸೈಟುಗಳಿದ್ದು ನಿಮ್ಮದೊಂದೇ ಎ ಖಾತೆಯಾಗಿದ್ದರೆ, ರಸ್ತೆ ಅಗಲವಾಗುವ, ಪಾರ್ಕು ಉಳಿಯುವ ಭರವಸೆ ಇಲ್ಲ. ಅನುಮೋದಿತ ನಕ್ಷೆಯಲ್ಲಿ ಪಾರ್ಕು, ಸಿ.ಎ. (ನಾಗರಿಕ ಸೌಲಭ್ಯ) ಸೈಟು ಎಂದು ತೋರಿಸಿದ ಜಾಗಕ್ಕೆ ನಡೆದು ಹೋಗಿ ನೋಡಿ, ಅಲ್ಲಿ ಈಗ ಏನಿದೆ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಎಂದರೆ ಎದ್ದು ಬನ್ನಿ. ಅದರಿಂದ ಹಕ್ಕು ವರ್ಗಾವಣೆಯಾಗದು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಅಪಾರ್ಟ್‌ಮೆಂಟ್ ಕೊಳ್ಳುವವರು ಇನ್ನೊಂದನ್ನು ಕೇಳಬೇಕು: ನೆಲದಲ್ಲಿ ನನ್ನ ಪಾಲೆಷ್ಟು? ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಲಿಫ್ಟು ಹಳತಾಗುತ್ತದೆ, ಪೈಪು ಸೋರುತ್ತದೆ. ಏರುವುದು ನೆಲದ ಬೆಲೆ. 1,200 ಚದರಡಿಯ ಎರಡು ಫ್ಲ್ಯಾಟುಗಳಲ್ಲಿ ಒಂದಕ್ಕೆ 600 ಚದರಡಿ ನೆಲದ ಪಾಲು, ಇನ್ನೊಂದಕ್ಕೆ 300 ಇದ್ದರೆ, 25 ವರ್ಷದ ನಂತರ ಅವೆರಡೂ ಒಂದೇ ಆಸ್ತಿಯಾಗಿರುವುದಿಲ್ಲ. ಹಳೆಯ ಬಡಾವಣೆಯ ಮೂರು ಮಹಡಿಯ, ನೋಡಲು ಮಂಕಾದ ಕಟ್ಟಡ ಹೊರವಲಯದ 30 ಮಹಡಿಯ ಗೋಪುರಕ್ಕಿಂತ ಒಳ್ಳೆಯ ಉಳಿತಾಯವಾಗುವುದು ಎಷ್ಟೋ ಸಲ ಈ ಕಾರಣಕ್ಕೇ.

ಜಯನಗರ, ಮಲ್ಲೇಶ್ವರ ಕೈಗೆಟಕುವುದಿಲ್ಲ, ಸರಿ. ಸಂಬಳದ ಮೇಲೆ ಬದುಕುವ ಬಹಳ ಮಂದಿಗೆ ಎಟಕುವುದಿಲ್ಲ. ಅಂಥವರಿಗೆ ನಾನು ಸೂಚಿಸುವುದು ನಿನ್ನೆ ಪತ್ರಿಕೆಯಲ್ಲಿ ಪುಟಗಟ್ಟಲೆ ಜಾಹೀರಾತು ಬಂದ ಜಾಗವನ್ನಲ್ಲ. ಐಟಿಯವರ ಗದ್ದಲದಿಂದ ದೂರವೇ ಉಳಿದ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಕ್ಷೆ ಹಾಕಿದ, ಮೆಟ್ರೊ ಈಗಾಗಲೇ ಓಡುತ್ತಿರುವ ಪಶ್ಚಿಮ, ದಕ್ಷಿಣದ ಬಡಾವಣೆಗಳ ಎರಡನೇ ಸುತ್ತಿನ ಮನೆಗಳನ್ನು ನೋಡಿ; ಕೆಂಗೇರಿ, ಅಂಜನಾಪುರದ ಕಡೆ ಅಂಥವು ಸಿಗುತ್ತವೆ. ಅಲ್ಲೂ ಕೆರೆಗಳಿವೆ, ವೃಷಭಾವತಿಯಿದೆ. ಆದ್ದರಿಂದ ನಕಾಶೆ ಅಲ್ಲೂ ನೋಡಬೇಕು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ, ತಪ್ಪಿದರೆ ತಿದ್ದಿಕೊಳ್ಳುವುದು ಬಲು ದುಬಾರಿ. ಒಂದು ಕೋಟಿಯ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೇರಿದೆ. ಎಲ್ಲ ಸೇರಿ ಸುಮಾರು 7.6 ಲಕ್ಷ. ಜಾಗ ಹಿಡಿಸಲಿಲ್ಲವೆಂದು ಮಾರಿ ಬೇರೆಡೆ ಅಷ್ಟೇ ಬೆಲೆಯದು ಕೊಂಡರೆ ಮತ್ತೊಮ್ಮೆ 7.6 ಲಕ್ಷ, ಬ್ರೋಕರ್ ಕಮಿಷನ್ ಬೇರೆ.

ಕೊಳ್ಳುವ ಮುಂಚೆ ಅದೇ ಬೀದಿಯಲ್ಲಿ, ಸಾಧ್ಯವಾದರೆ ಅದೇ ಕಟ್ಟಡದಲ್ಲಿ, ಬಾಡಿಗೆಗಿರಿ ಎಂದರೆ ‘ಆ ದುಡ್ಡು ದಂಡ ಅಲ್ವಾ’ ಎನ್ನುತ್ತಾರೆ. ಬೆಂಗಳೂರಿನ ಬಾಡಿಗೆ ಕರಾರು 11 ತಿಂಗಳದ್ದು. ಜೂನ್ ಒಂದಕ್ಕೆ ಸೇರಿದರೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ: ಮುಂಗಾರು ಪೂರ್ತಿ, ಅಕ್ಟೋಬರಿನ ಹಿಂಗಾರು, ಮಾರ್ಚ್–ಏಪ್ರಿಲ್‌ನ ಬತ್ತಿದ ಕೊಳಾಯಿ, ಎಲ್ಲವೂ ಅದರೊಳಗೆ ಬಂತು. ಬಿಡುವಾಗ ಮಾಲೀಕರು ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಮುರಿದುಕೊಳ್ಳಲಿ ಬಿಡಿ, 7.6 ಲಕ್ಷಕ್ಕಿಂತ ಅಗ್ಗವೇ.